ಮೊನೊಕ್ರೊಟೊಫಾಸ್ 36 ಎಸ್.ಎಲ್. ವಿಮರ್ಶೆ: ಕೆಂಪು ತ್ರಿಕೋನದ ಬಾಟಲಿ ಹೋದಮೇಲೆ ಹೊಲಕ್ಕೆ ಏನು?

ಕೀಟನಾಶಕದ ಅಂಗಡಿ ಮುಂದೆ ನಿಂತು ‘ಮೊನೊ ಕೊಡಿ’ ಅಂದರೆ ಸಾಕಿತ್ತು. ಬೆಳೆ ಯಾವುದು, ಹುಳು ಯಾವುದು ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಹತ್ತಿಗೂ ಅದೇ, ತೊಗರಿಗೂ ಅದೇ, ಭತ್ತಕ್ಕೂ ಅದೇ, ತೆಂಗಿನ ಬೇರಿಗೂ ಅದೇ. ಮೊನೊಕ್ರೊಟೊಫಾಸ್‌ನ ದೊಡ್ಡ ಗುಣವೂ ಇದೇ, ದೊಡ್ಡ ದೋಷವೂ ಇದೇ. ಒಂದು ಬಾಟಲಿ ಹತ್ತು ಕಡೆ ನಡೆಯುತ್ತಿತ್ತು. 2023ರ ನಿಷೇಧದಿಂದ ಅದು ಹೋದಾಗ ಹತ್ತೂ ಕಡೆ ಖಾಲಿ ಜಾಗ ಬಿಟ್ಟು ಹೋಯಿತು, ಮತ್ತು ಆ ಹತ್ತು ಜಾಗವನ್ನೂ ತುಂಬುವ ಇನ್ನೊಂದು ಬಾಟಲಿ ಇಲ್ಲ. ‘ಮೊನೊ ಬದಲಿಗೆ ಏನಿದೆ?’ ಎಂದು ಕೇಳಿದವರಿಗೆ ಅಂಗಡಿಯವರು ಥಟ್ಟನೆ ಒಂದೇ ಹೆಸರು ಹೇಳಿದರೆ, ಆ ಉತ್ತರವನ್ನು ಅನುಮಾನಿಸಿ.

ಮೊದಲು ಉತ್ಪನ್ನಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಇದು ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕ. 36 ಎಸ್.ಎಲ್. ಅಂದರೆ ತೂಕದಲ್ಲಿ ಶೇ. 36ರಷ್ಟು ವಿಷಾಂಶವಿರುವ, ನೀರಿನಲ್ಲಿ ಪೂರ್ತಿ ಕರಗುವ ದ್ರಾವಣ. ಪುಡಿಯ ಹಾಗೆ ತಳಕ್ಕೆ ಕೂರುವುದಿಲ್ಲ, ನಾಜಲ್ ಕಟ್ಟಿಕೊಳ್ಳುವುದಿಲ್ಲ. ಮೈಗೆ ತಾಗಿದರೂ ಹುಳು ಸಾಯುತ್ತದೆ. ಎಲೆ, ಬೇರು, ಕಾಂಡದ ಮೂಲಕ ಗಿಡದೊಳಗೆ ಸೇರಿ ರಸ ಹೀರುವ ಕೀಟವನ್ನೂ ಮುಟ್ಟುತ್ತದೆ. ಲೀಟರಿಗೆ 1ರಿಂದ 1.5 ಮಿ.ಲೀ., ಅಂದರೆ 16 ಲೀಟರಿನ ಬೆನ್ನ ಪಂಪಿಗೆ 16ರಿಂದ 24 ಮಿ.ಲೀ. ಮುಚ್ಚಳದ ಲೆಕ್ಕದಲ್ಲೇ ಕೆಲಸ ಮುಗಿಯುತ್ತಿತ್ತು. ಅಗ್ಗ, ಸುಲಭ, ಬೇಗ. ಈ ಮೂರಕ್ಕೂ ಪೂರ್ತಿ ಅಂಕ ಕೊಡಲೇಬೇಕು.

ಅಂಕ ಕಳೆಯುವುದು ಶುರುವಾಗುವುದು ಎರಡನೇ ಸಿಂಪಡಣೆಯಿಂದ. ಹತ್ತಿಯ ಹಸಿರು ಜಿಗಿಹುಳು, ತೊಗರಿಯ ಕಾಯಿಕೊರಕ ಎರಡೂ ದಶಕಗಳ ಬಳಕೆಯಿಂದ ಈ ಗುಂಪಿನ ಔಷಧಿಗಳಿಗೆ ಒಗ್ಗಿಕೊಂಡಿವೆ. ಅವನ್ನು ತಿನ್ನುವ ಜೇಡ, ಗುಲಗಂಜಿ ಹುಳು, ಕ್ರೈಸೊಪಾ ಎಂಬ ಮಿತ್ರಕೀಟ ಒಗ್ಗಿಕೊಂಡಿಲ್ಲ. ಸಿಂಪಡಿಸಿದ ವಾರದಲ್ಲಿ ಹೊಲ ಶುಭ್ರವಾಗಿ ಕಾಣುತ್ತದೆ, ಮೂರನೇ ವಾರಕ್ಕೆ ಕೀಟ ಮೊದಲಿಗಿಂತ ಹೆಚ್ಚಾಗಿ ವಾಪಸ್ ಬರುತ್ತದೆ, ಏಕೆಂದರೆ ಅದನ್ನು ತಿನ್ನುವವರು ಹೊಲದಲ್ಲಿ ಉಳಿದಿಲ್ಲ. ಆಗ ‘ಡೋಸ್ ಸಾಲಲಿಲ್ಲ’ ಎಂದು 2.5 ಮಿ.ಲೀ.ಗೆ ಏರಿಸುವುದು, ಜೊತೆಗೆ ಪೈರೆಥ್ರಾಯ್ಡ್ ಗುಂಪಿನ ಇನ್ನೊಂದು ಕೀಟನಾಶಕ, ಒಂದು ಟಾನಿಕ್, ಒಂದು ಹಿಡಿ ಯೂರಿಯಾ ಬೆರೆಸುವುದು. ಜೋಳದ ಕೆಲವು ತಳಿಗಳಿಗಂತೂ ಇದು ಎಲೆ ಸುಡುವ ಔಷಧಿ. ಪಕ್ಕದ ಹೊಲದಲ್ಲಿ ಜೋಳವಿದ್ದರೆ ಗಾಳಿಗೆ ಹಾರಿದ ಹನಿಯೂ ಕಲೆ ಬಿಡಬಹುದು.

ವಿಷದ ವಿಷಯಕ್ಕೆ ಬರೋಣ. ಲೇಬಲ್ಲಿನ ಮೇಲಿರುವುದು ಕೆಂಪು ತ್ರಿಕೋನ, ತಲೆಬುರುಡೆ. ಭಾರತದ ನಿಯಮದಲ್ಲಿ ಕೆಂಪು ಅಂದರೆ ಪ್ರಯೋಗದ ಪ್ರಾಣಿಗೆ ಬಾಯಿಯ ಮೂಲಕ ಮಾರಕವಾಗುವ ಪ್ರಮಾಣ ಕೆ.ಜಿ. ದೇಹತೂಕಕ್ಕೆ 50 ಮಿ.ಗ್ರಾಂ. ಒಳಗಿನದು. ಹಳದಿ 51ರಿಂದ 500, ನೀಲಿ 501ರಿಂದ 5000, ಹಸಿರು 5000ಕ್ಕೂ ಮೇಲೆ. ಮೊನೊ ಕೆಂಪಿನೊಳಗೂ ಕೆಳಗಿನ ತುದಿಯಲ್ಲಿದೆ, 20 ಮಿ.ಗ್ರಾಂಗೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದರ ಸ್ಥಾನ 1ಬಿ, ‘ಹೆಚ್ಚು ಅಪಾಯಕಾರಿ’.

ಬಹಳ ಮಂದಿ ಸಿಂಪಡಿಸುವಾಗಷ್ಟೇ ಎಚ್ಚರ ವಹಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಲೀಟರಿಗೆ 1.5 ಮಿ.ಲೀ. ಬೆರೆಸಿದ ದ್ರಾವಣಕ್ಕಿಂತ ಬಾಟಲಿಯಲ್ಲಿರುವುದು 660 ಪಟ್ಟಿಗೂ ಹೆಚ್ಚು ಗಾಢ. ಮುಚ್ಚಳದಲ್ಲಿ ಅಳೆಯುವಾಗ ಬೆರಳಿಗೆ ಹರಿದ ಅರ್ಧ ಮಿ.ಲೀ., ಕಾಲು ಲೀಟರಿಗೂ ಮೀರಿದ ಸಿಂಪಡಣೆ ನೀರನ್ನು ಚರ್ಮಕ್ಕೆ ಸುರಿದುಕೊಂಡಷ್ಟು ವಿಷ. ಹತ್ತಿಯ ಕಾಂಡಕ್ಕೆ 1:4ರಲ್ಲಿ ಬೆರೆಸಿ ಬ್ರಷ್‌ನಿಂದ ಹಚ್ಚುವ ಪದ್ಧತಿಯ ತೊಡಕೂ ಇದೇ. ಮಿತ್ರಕೀಟಗಳಿಗೆ ಅದು ಒಳ್ಳೆಯದೇ, ಬ್ರಷ್ ಹಿಡಿದ ಕೈಗೆ ಅಲ್ಲ.

ಇದು ನರ ಮತ್ತು ಸ್ನಾಯುವಿನ ನಡುವೆ ಕೆಲಸ ಮಾಡುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು, ಎಲ್ಲವೂ ಅದರಿಂದಲೇ. ಪೂರ್ತಿ ಕೆಟ್ಟ ಕಿಣ್ವದ ಬದಲಿಗೆ ರಕ್ತಕಣಗಳಲ್ಲಿ ಹೊಸದು ತುಂಬಿಕೊಳ್ಳುವ ವೇಗ ದಿನಕ್ಕೆ ಸುಮಾರು ಶೇ. 1 ಮಾತ್ರ. ಹಂಗಾಮಿನಲ್ಲಿ ದಿನ ಬಿಟ್ಟು ದಿನ ಕೂಲಿಗೆ ಪಂಪು ಹೊರುವವರ ದೇಹದಲ್ಲಿ ಹಿಂದಿನ ಸಿಂಪಡಣೆಯ ನಷ್ಟ ತುಂಬುವ ಮೊದಲೇ ಮುಂದಿನದು ಸೇರುತ್ತದೆ. ‘ಇಪ್ಪತ್ತು ವರ್ಷದಿಂದ ಹೊಡೀತಿದೀನಿ, ಏನೂ ಆಗಿಲ್ಲ’ ಎಂದವರು ಇಪ್ಪತ್ತೊಂದನೇ ವರ್ಷ ಒಂದು ಸಾಧಾರಣ ದಿನ ಕುಸಿದು ಬೀಳುವುದಕ್ಕೆ ಇದೊಂದು ಕಾರಣ.

ದಾಖಲೆಯಲ್ಲಿರುವ ಘಟನೆಗಳು ಸಾಕಷ್ಟಿವೆ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆಳೆತ್ತರ ಬೆಳೆದ ಹತ್ತಿಗೆ ಔಷಧಿ ಹೊಡೆದ ನೂರಾರು ಮಂದಿ ಆಸ್ಪತ್ರೆ ಸೇರಿದರು, ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿ ಒಂದೇ ಔಷಧಿಯನ್ನು ದೂರಲಾಗದು, ಮೂರು ನಾಲ್ಕು ಬೆರೆಸಿದ ಮಿಶ್ರಣಗಳಿದ್ದವು. ಆಮೇಲೆ ಸರ್ಕಾರ ತಾತ್ಕಾಲಿಕವಾಗಿ ಮಾರಾಟ ತಡೆದ ಔಷಧಿಗಳಲ್ಲಿ ಮೊನೊ ಕೂಡ ಒಂದು. ಅರ್ಜೆಂಟೀನಾದಲ್ಲಿ 1995–96ರ ಬೇಸಿಗೆಯಲ್ಲಿ ಮಿಡತೆಗೆಂದು ಹೊಡೆದ ಇದೇ ಔಷಧಿಗೆ, ಮಿಡತೆ ತಿಂದ ವಲಸೆ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತುಬಿದ್ದವು.

ನಮ್ಮಲ್ಲಿ ತೆರೆ ಇಳಿದದ್ದು ನಿಧಾನವಾಗಿ. 2005ರಲ್ಲಿ ತರಕಾರಿಗೆ ಬಳಸುವುದನ್ನು ನಿಷೇಧಿಸಿದರು. ಬಾಟಲಿ ಮಾತ್ರ ಎಲ್ಲ ಅಂಗಡಿಯಲ್ಲೂ ಇತ್ತು, ಆದ್ದರಿಂದ ಬದನೆ, ಬೆಂಡೆ, ಮೆಣಸಿನ ಹೊಲಕ್ಕೂ ಹೋಗುತ್ತಲೇ ಇತ್ತು. ಬೆಳೆವಾರು ನಿಷೇಧ ಕಾಗದದಲ್ಲಷ್ಟೇ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 2023ರ ಸೆಪ್ಟೆಂಬರ್ 29ರ ಕೇಂದ್ರದ ಆದೇಶ ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್ ಎಂಬ ಮೂರು ಔಷಧಿಗಳನ್ನೂ ನಿಷೇಧಿಸಿ, ಮೊನೊ 36 ಎಸ್.ಎಲ್.ಗೆ ಮಾತ್ರ ಇದ್ದ ದಾಸ್ತಾನು ತೀರಲು ಅವಕಾಶ ಕೊಟ್ಟು ಬಾಗಿಲು ಮುಚ್ಚಿತು.

ಬಾಗಿಲು ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾದ ಅನುಭವ ನೋಡಬೇಕು. 1995ರಲ್ಲಿ ಅಲ್ಲಿ ಮೊನೊಕ್ರೊಟೊಫಾಸ್ ಮತ್ತು ಮೆಥಮಿಡೊಫಾಸ್ ನಿಂತವು. ರೈತರು ಎಂಡೋಸಲ್ಫಾನ್ ಕಡೆ ತಿರುಗಿದರು; ಆಸ್ಪತ್ರೆಗೆ ಎಂಡೋಸಲ್ಫಾನ್ ವಿಷದ ರೋಗಿಗಳು ಬರತೊಡಗಿದರು; 1998ರಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಎಂಡೋಸಲ್ಫಾನ್ ಏನೆಂದು ದಕ್ಷಿಣ ಕನ್ನಡದವರಿಗೂ ಕಾಸರಗೋಡಿನವರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮೊನೊ ಬಿಟ್ಟು ಪ್ರೊಫೆನೊಫಾಸ್ ಅಥವಾ ಕ್ಲೋರ್‌ಪೈರಿಫಾಸ್ ಹಿಡಿದರೆ ಬದಲಾದದ್ದು ಬಾಟಲಿಯ ಬಣ್ಣ ಮಾತ್ರ. ಎರಡೂ ಅದೇ ಆರ್ಗನೊಫಾಸ್ಫೇಟ್ ಗುಂಪು, ಕಟ್ಟಿಹಾಕುವುದೂ ಅದೇ ಕಿಣ್ವವನ್ನು. ಹುಳುವಿಗೂ ಅದು ಹೊಸ ಔಷಧಿಯಲ್ಲ.

ಬೆಳೆಯಿಂದ ಬೆಳೆಗೆ ನೋಡೋಣ.

ತೆಂಗು: ಇಲ್ಲಿ ಮೊನೊದ ಬೇರು ಆಳವಾಗಿತ್ತು, ಎರಡೂ ಅರ್ಥದಲ್ಲಿ. ಪೆನ್ಸಿಲ್ ಗಾತ್ರದ ಜೀವಂತ ಕಂದು ಬೇರನ್ನು ಓರೆಯಾಗಿ ಕತ್ತರಿಸಿ, 10 ಮಿ.ಲೀ. ಔಷಧಿ ಮತ್ತು 10 ಮಿ.ಲೀ. ನೀರಿನ ಪಾಲಿಥಿನ್ ಚೀಲದೊಳಗೆ ಅದ್ದಿ ದಾರ ಕಟ್ಟುತ್ತಿದ್ದರು. ಒಂದು ದಿನದಲ್ಲಿ ಮರ ಹೀರಿಕೊಳ್ಳುತ್ತಿತ್ತು. ಮರ ಹತ್ತದೆ ಕಪ್ಪುತಲೆ ಹುಳುವನ್ನು ಮುಟ್ಟುವ ಈ ಉಪಾಯ ನಿಜಕ್ಕೂ ಜಾಣತನದ್ದು. ಷರತ್ತು ಒಂದೇ: ಬಲಿತ ಕಾಯಿ, ಎಳನೀರು ಎಲ್ಲ ಮೊದಲೇ ಇಳಿಸಿ, ಔಷಧಿ ಕೊಟ್ಟ ಮೇಲೆ 45 ದಿನ ಕಾಯಿ ಮುಟ್ಟಬಾರದಿತ್ತು. ಒಣಕೊಬ್ಬರಿಗೆ ಬಿಡುವ ತೋಟದಲ್ಲಿ ಇದು ಸಾಧ್ಯವಿತ್ತು. ತಿಂಗಳಿಗೊಮ್ಮೆ ಎಳನೀರು ಇಳಿಸುವ ಮದ್ದೂರು ಕಡೆಯ ತೋಟದಲ್ಲಿ 45 ದಿನ ಕಾಯುತ್ತಿದ್ದವರು ಎಷ್ಟು ಮಂದಿ? ಉತ್ಪನ್ನ ಸರಿಯಿದ್ದರೂ ಷರತ್ತು ಬದುಕಿಗೆ ಹೊಂದದಿದ್ದರೆ ಅದನ್ನು ಸುರಕ್ಷಿತ ಎನ್ನಲಾಗದು.

ಕಪ್ಪುತಲೆ ಹುಳುವಿಗೆ ಬದಲಿ ದಾರಿ ಹೊಸದೇನಲ್ಲ: ಗೋನಿಯೋಜಸ್ ಎಂಬ, ಆ ಹುಳುವಿನ ಮೇಲೇ ಬೆಳೆಯುವ ಪುಟ್ಟ ಕಣಜ. ತೋಟಗಾರಿಕೆ ಇಲಾಖೆಯ ಪರತಂತ್ರ ಜೀವಿ ಪ್ರಯೋಗಾಲಯಗಳಲ್ಲಿ ಬೆಳೆಸಿ ಕೊಡುತ್ತಾರೆ. ಮರಕ್ಕೆ 15ರಿಂದ 20ರಂತೆ, 15 ದಿನಕ್ಕೊಮ್ಮೆ, ಮೂರು ನಾಲ್ಕು ಸಲ ಬಿಡಬೇಕು. ಬಿಟ್ಟು ಫಲ ಸಿಗಲಿಲ್ಲ ಎನ್ನುವವರ ತೋಟದಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳಿರುತ್ತವೆ. ಒಂದು, ಹುಳುವಿನ ಹಂತ ನೋಡದೆ ಬಿಡುವುದು. ಗೋನಿಯೋಜಸ್‌ಗೆ ಬೇಕಾದದ್ದು ಮೂರನೇ ಹಂತ ದಾಟಿ ಬೆಳೆದ ಹುಳು. ಮೊಟ್ಟೆ ಅಥವಾ ಕೋಶ ಮಾತ್ರ ಇರುವಾಗ ಬಿಟ್ಟರೆ ಅದು ಉಪವಾಸ ಸಾಯುತ್ತದೆ. ಗರಿಯ ತಳಭಾಗದ ಹಿಕ್ಕೆಯ ಸುರಂಗ ಬಿಡಿಸಿ ನೋಡಿದರೆ ಹಂತ ಗೊತ್ತಾಗುತ್ತದೆ. ಎರಡು, ಸುಳಿಯ ಹತ್ತಿರ ಬಿಡುವುದು. ಅಲ್ಲಿರುವ ಜೇಡ, ತಿಗಣೆಗಳಿಗೆ ಅದೇ ಹಬ್ಬದೂಟ. ಕಾಂಡದ ಮೇಲೆ, ಸಂಜೆ ಹೊತ್ತು, ಕಣಜಗಳಿಗೆ ಜೇನು ಕುಡಿಸಿದ ಮೇಲೆ ಬಿಡಬೇಕು. ಮೂರು, ಔಷಧಿ ಕೊಟ್ಟ ಮರುವಾರವೇ ಬಿಡುವುದು. ಕನಿಷ್ಠ ಮೂರು ವಾರದ ಅಂತರ ಬೇಕು. ಮೊದಲು ಹೆಚ್ಚು ಹಾಳಾದ ಕೆಳಗಿನ ಗರಿಗಳನ್ನು ಕಡಿದು ಸುಟ್ಟರೆ ಅರ್ಧ ಕೆಲಸ ಮುಗಿದಂತೆ. ಒಬ್ಬರ ತೋಟದಲ್ಲಿ ಮಾತ್ರ ಮಾಡಿದರೆ ಪ್ರಯೋಜನ ಕಡಿಮೆ, ಹುಳುವಿಗೆ ಬೇಲಿ ಗೊತ್ತಿಲ್ಲ.

ಕಾಯಿಯ ನುಸಿಗೆ ಬೇವು ಸಾಕು. ಬೇವಿನ ಸತ್ವವಾದ ಅಜಾಡಿರಾಕ್ಟಿನ್ 10,000 ಪಿ.ಪಿ.ಎಂ. (ಶೇ. 1) 10 ಮಿ.ಲೀ. ಮತ್ತು ನೀರು 10 ಮಿ.ಲೀ. ಅದೇ ಬೇರಿನ ವಿಧಾನದಲ್ಲಿ ಕೊಡಬಹುದು. ಮರ ಹತ್ತುವವರು ಸಿಕ್ಕರೆ 10 ಲೀಟರ್ ನೀರಿಗೆ ಬೇವಿನೆಣ್ಣೆ 200 ಮಿ.ಲೀ., ಅರೆದ ಬೆಳ್ಳುಳ್ಳಿಯ ರಸ 200 ಗ್ರಾಂ ಬೆಳ್ಳುಳ್ಳಿಯದ್ದು, ಸಾಬೂನು 50 ಗ್ರಾಂ. ಸಾಬೂನನ್ನು ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ ಎಣ್ಣೆ ಹಾಕಿ ಕಲಕಬೇಕು. ಕ್ರಮ ತಪ್ಪಿದರೆ ಎಣ್ಣೆ ಮೇಲೆ ತೇಲುತ್ತದೆ, ಪಂಪಿನ ಮೊದಲ ಅರ್ಧ ಬರೀ ನೀರು, ಕೊನೆಯಲ್ಲಿ ಬರೀ ಎಣ್ಣೆ ಬರುತ್ತದೆ.

ಹತ್ತಿ: ಇಲ್ಲಿ ಮೊದಲ ಪ್ರಶ್ನೆ ‘ಯಾವುದು ಹೊಡೆಯಬೇಕು’ ಅಲ್ಲ, ‘ಈಗ ಹೊಡೆಯಬೇಕೇ’. ಬಿ.ಟಿ. ಹತ್ತಿಯ ಬೀಜ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಲೇಪನದೊಂದಿಗೇ ಬರುತ್ತದೆ. ಮೊದಲ ತಿಂಗಳು ರಸ ಹೀರುವ ಕೀಟಕ್ಕೆ ಅದೇ ಕಾವಲು. 25ನೇ ದಿನಕ್ಕೆ ‘ಒಂದು ರೌಂಡು’ ಹೊಡೆಯುವುದು ದುಡ್ಡು ಚೆಲ್ಲಿ ಜೇಡ ಕೊಲ್ಲುವ ಕೆಲಸ. ಆಮೇಲೆ ವಾರಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆ 20 ಗಿಡ ಆರಿಸಿ, ಪ್ರತಿ ಗಿಡದ ಮೇಲಿನ, ನಡುವಿನ, ಕೆಳಗಿನ ಮೂರು ಎಲೆ ತಿರುಗಿಸಿ ಎಣಿಸಬೇಕು. ಎಲೆಗೆ ಸರಾಸರಿ 2 ಜಿಗಿಹುಳುವಿನ ಮರಿ ಕಂಡಾಗ, ಅಥವಾ ಎಲೆಯಂಚು ಹಳದಿಯಾಗಿ ಒಳಮಡಚತೊಡಗಿದಾಗ ಮಾತ್ರ ಪಂಪು ಹೊರಬೇಕು. ಆಗಲೂ ಮೊದಲ ಆಯ್ಕೆ ಬೇವಿನ ಬೀಜದ ಶೇ. 5ರ ಕಷಾಯ: 5 ಕೆ.ಜಿ. ತಿರುಳು ಕುಟ್ಟಿ ಪುಡಿಮಾಡಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ಏರಿಸಿ, ಸ್ವಲ್ಪ ಸಾಬೂನು ಸೇರಿಸಿ. ಬೀಜ ಎಂಟು ತಿಂಗಳಿಗಿಂತ ಹಳೆಯದಾದರೆ ಕಹಿ ಉಳಿದರೂ ಕಸುವು ಉಳಿಯುವುದಿಲ್ಲ. ಬಿಸಿಲಿಗೆ ಸತ್ವ ಬೇಗ ಒಡೆಯುವುದರಿಂದ ಸಂಜೆಯೇ ಹೊಡೆಯಬೇಕು. ಬೆಳಿಗ್ಗೆ ಹತ್ತಕ್ಕೆ ಹೊಡೆದು ‘ಬೇವು ಕೆಲಸ ಮಾಡಲ್ಲ’ ಎಂದರೆ ತಪ್ಪು ಬೇವಿನದಲ್ಲ.

ಮಿತಿ ದಾಟಿದರೆ ಫ್ಲೋನಿಕಾಮಿಡ್ 50 ಡಬ್ಲ್ಯೂ.ಜಿ., ಎಕರೆಗೆ 60 ಗ್ರಾಂ. ಇದು ಜಿಗಿಹುಳು, ಹೇನುಗಳ ಹೀರುವಿಕೆಯನ್ನು ನಿಲ್ಲಿಸುತ್ತದೆ. ಹುಳು ಕೂಡಲೇ ಉದುರುವುದಿಲ್ಲ, ಎರಡು ಮೂರು ದಿನ ಎಲೆ ಮೇಲೆಯೇ ಕೂತಿರುತ್ತದೆ. ಮೊನೊದ ವೇಗಕ್ಕೆ ಒಗ್ಗಿದವರು ಇಲ್ಲೇ ಎಡವುತ್ತಾರೆ. ಮೂರನೇ ದಿನ ಇನ್ನೊಂದನ್ನು ಹೊಡೆದುಬಿಡುತ್ತಾರೆ. ಐದು ದಿನ ಕಾದು ಎಣಿಸಿ. ಅದನ್ನೇ ಸತತ ಎರಡು ಸಲ ಬಳಸದೆ ಗುಂಪು ಬದಲಿಸಿ.

ತೊಗರಿ: ಕಾಯಿಕೊರಕದ ಮುಂದೆ ಮೊನೊ ಎಂದೋ ಸೋತಿತ್ತು, ಹಾಗಾಗಿ ಇಲ್ಲಿ ನಷ್ಟವೇನಿಲ್ಲ. ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಎಕರೆಗೆ ಎರಡು ಕಟ್ಟಿ, ಪತಂಗ ಏರಿದಾಗ ಮೊಗ್ಗು–ಹೂವಿನಲ್ಲಿ ತತ್ತಿ ಹುಡುಕಿ. ಹುಳು ಚಿಕ್ಕದಿರುವಾಗ ಬೇವಿನ ಕಷಾಯ ಅಥವಾ ಹುಳುವಿಗೆ ರೋಗ ತರುವ ಎಚ್.ಎ.ಎನ್.ಪಿ.ವಿ. ನಂಜಾಣು (ವೈರಸ್) ದ್ರಾವಣ, ಸಂಜೆ ಹೊತ್ತು. ಬೆಳೆದ ಹುಳುಗಳಿದ್ದರೆ ಗಿಡ ಅಲುಗಾಡಿಸಿ ಕೆಳಗೆ ಹಾಸಿದ ತಾಡಪಾಲಿಗೆ ಉದುರಿಸಿ ಆರಿಸುವ ಕಲಬುರಗಿ ಕಡೆಯ ಹಳೆಯ ಪದ್ಧತಿಯನ್ನು ಕಂಡು ನಗಬೇಡಿ. ಬೆಳೆದ ಹುಳುವಿಗೆ ಯಾವ ಔಷಧಿಯೂ ಅಷ್ಟು ಪೂರ್ತಿ ಕೆಲಸ ಮಾಡುವುದಿಲ್ಲ. ರಾಸಾಯನಿಕವೇ ಬೇಕಾದರೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. ಎಕರೆಗೆ 60 ಮಿ.ಲೀ.; ಅದರ ತ್ರಿಕೋನ ಹಸಿರು. ಅಥವಾ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಎಕರೆಗೆ 88 ಗ್ರಾಂ. ಎಮಾಮೆಕ್ಟಿನ್ ಜೇನುನೊಣಕ್ಕೆ ಮಾರಕ, ಹೂ ತುಂಬಿದ ಹೊಲಕ್ಕೆ ಹಗಲು ಹೊಡೆಯಬೇಡಿ.

ಭತ್ತದ ಬಗ್ಗೆ ಎರಡೇ ಮಾತು. ಕಂದು ಜಿಗಿಹುಳುವಿಗೆ ಎಲ್ಲವನ್ನೂ ಕೊಲ್ಲುವ ಔಷಧಿ ಹೊಡೆದರೆ ಅದು ಇಮ್ಮಡಿಯಾಗಿ ಮರಳುತ್ತದೆ. ಗದ್ದೆಯ ನೀರು ಬಸಿದು, ಎರಡು ಮೂರು ಮೀಟರಿಗೊಂದು ಸಾಲು ಖಾಲಿ ಬಿಟ್ಟು ಗಾಳಿ ಬೆಳಕು ಆಡಿಸುವುದು ಮೊದಲ ಮದ್ದು. ಕಾಂಡಕೊರಕಕ್ಕೆ, ಅದರ ತತ್ತಿಯೊಳಗೆ ಬೆಳೆಯುವ ಟ್ರೈಕೊಗ್ರಾಮ ಕಣಜದ ಕಾರ್ಡು ಕಟ್ಟಿ.

ಹಳೇ ಬಾಟಲಿ ಮನೆಯಲ್ಲಿ ಉಳಿದಿದ್ದರೆ ಏನು ಮಾಡಬೇಕು? ಚರಂಡಿಗೆ, ಬಾವಿ ಹತ್ತಿರ, ತಿಪ್ಪೆಗೆ ಸುರಿಯಬೇಡಿ, ಸುಡಬೇಡಿ. ವಾಷಿಂಗ್ ಸೋಡಾ ಹಾಕಿದರೆ ವಿಷ ಹೋಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಷಾರದಲ್ಲಿ ಇದು ಬೇಗ ಒಡೆಯುತ್ತದೆ ನಿಜ, ಆದರೆ ಪಿ.ಎಚ್. 9ರ ನೀರಿನಲ್ಲೂ ಅರ್ಧದಷ್ಟು ಒಡೆಯಲು ಎರಡು ವಾರದ ಮೇಲೆ ಬೇಕು. ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟು ಚೆಲ್ಲಿದರೆ ವಿಷವನ್ನೇ ಚೆಲ್ಲಿದಂತೆ. ಮೂಲ ಬಾಟಲಿಯಲ್ಲೇ, ಲೇಬಲ್ ಸಹಿತ, ಗಟ್ಟಿ ಮುಚ್ಚಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ, ಒಪ್ಪಿಸುವ ದಾರಿ ಕೇಳಿ. ಕ್ವಾರ್ಟರ್ ಬಾಟಲಿಗೆ, ನೀರಿನ ಬಾಟಲಿಗೆ ಬಗ್ಗಿಸಿ ಪಕ್ಕದವರಿಗೆ ಕೊಡುವುದಂತೂ ಬೇಡವೇ ಬೇಡ. ಯಾವುದೇ ಔಷಧಿಯ ಖಾಲಿ ಡಬ್ಬವನ್ನು ಕಾಲುಭಾಗ ನೀರು ಹಾಕಿ 30 ಸೆಕೆಂಡ್ ಕುಲುಕಿ, ಹೀಗೆ ಮೂರು ಸಲ ತೊಳೆದು, ತೊಳೆದ ನೀರನ್ನು ಪಂಪಿಗೇ ಹಾಕಿ, ತಳಕ್ಕೆ ತೂತು ಹೊಡೆಯಿರಿ. ತೂತಿಲ್ಲದ ಡಬ್ಬ ಎಣ್ಣೆಗೋ ಕಾಳಿಗೋ ಬಳಕೆಯಾಗುತ್ತದೆ. ಬಿಹಾರದ ಆ ಅಡುಗೆಮನೆಯನ್ನು ನೆನೆಯಿರಿ.

ಬದಲಿ ಔಷಧಿ ಹೊಡೆಯುವಾಗಲೂ ಕೆಲವು ಅಭ್ಯಾಸ ಬಿಡಬೇಕು. ಮುಖಕ್ಕೆ ಸುತ್ತಿದ ಟವೆಲ್ ನೆನೆದ ಮೇಲೆ ಅದು ರಕ್ಷಣೆಯಲ್ಲ, ವಿಷದ ಪಟ್ಟಿ. ಬಟ್ಟೆ, ಚರ್ಮದ ಕೈಗವಸು ಹೀರಿಕೊಳ್ಳುತ್ತವೆ, ನೈಟ್ರೈಲ್ ರಬ್ಬರಿನದು ಬೇಕು. ಪ್ಯಾಂಟ್ ಬೂಟಿನ ಹೊರಗಿರಲಿ, ಒಳಗೆ ತುರುಕಿದರೆ ಹರಿದ ದ್ರಾವಣ ಕಾಲಿಗೇ ಇಳಿಯುತ್ತದೆ. ಬೆನ್ನ ಪಂಪಿನ ಮುಚ್ಚಳದ ವಾಷರ್ ಸವೆದರೆ ಬೆನ್ನು ನೆನೆಯುತ್ತದೆ, ಮೊದಲು ಬರೀ ನೀರು ತುಂಬಿ ಬಗ್ಗಿ ನೋಡಿ. ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದಬೇಡಿ, ಹಳೇ ಹಲ್ಲುಜ್ಜುವ ಬ್ರಷ್ ಜೇಬಿನಲ್ಲಿರಲಿ. ಎದೆಯೆತ್ತರ ದಾಟಿದ ಹತ್ತಿಯ ಸಾಲಿನೊಳಗೆ ಹೊಡೆಯುತ್ತ ಮುಂದೆ ನಡೆಯುವುದು ಮಂಜಿನೊಳಗೆ ನಡೆದಂತೆ. ಗಾಳಿ ಬೆನ್ನಿಗಿರಲಿ, ಲಾನ್ಸ್ (ಸಿಂಪಡಣೆ ಕೊಳವೆ) ಪಕ್ಕಕ್ಕಿರಲಿ.

ಕೊಳ್ಳುವಾಗ ಬ್ಯಾಚ್ ಸಂಖ್ಯೆ ಬರೆದ ಬಿಲ್ ಕೇಳಿ. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ತ್ರಿಕೋನ, ಅವಧಿ ಮುಗಿಯುವ ದಿನಾಂಕ ಇಲ್ಲದ ‘ಬಯೋ’ ಬಾಟಲಿ ಹೊಡೆದ ಮರುದಿನವೇ ಹುಳು ಉದುರಿದರೆ ಖುಷಿಪಡಬೇಡಿ. ಬೇವಾಗಲಿ ನಂಜಾಣುವಾಗಲಿ ಅಷ್ಟು ವೇಗದಲ್ಲಿ ಕೆಲಸ ಮಾಡುವುದಿಲ್ಲ, ಒಳಗೆ ಹೆಸರಿಲ್ಲದ ಇನ್ನೇನೋ ಇದೆ.

ಯಾರಿಗಾದರೂ ವಿಷವೇರಿದರೆ ಬಟ್ಟೆ ಬಿಚ್ಚಿ, ಸಾಬೂನು ನೀರಲ್ಲಿ ಮೈ ತೊಳೆದು, ಬಾಟಲಿ ಅಥವಾ ಲೇಬಲ್ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ತೊಳೆಯುವವರೂ ಕೈಗವಸು ಹಾಕಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆಸ್ಪತ್ರೆಯಲ್ಲಿ ಪ್ರತಿವಿಷವಾದ ಅಟ್ರೊಪಿನ್ ಕೊಟ್ಟು ರೋಗಿ ಎದ್ದು ಕೂತ ಕೂಡಲೇ ಮನೆಗೆ ಕರೆತರುವ ಆತುರ ಬೇಡ: ಈ ಗುಂಪಿನ ವಿಷದಲ್ಲಿ 1ರಿಂದ 4 ದಿನದೊಳಗೆ ಕುತ್ತಿಗೆ ಎತ್ತಲಾಗದೆ, ಉಸಿರಿನ ಸ್ನಾಯು ಸೋಲುವ ಎರಡನೇ ಸುತ್ತು ಬರಬಹುದು. ಆಗ ಬೇಕಾದದ್ದು ವೆಂಟಿಲೇಟರ್, ಅದು ಮನೆಯಲ್ಲಿರುವುದಿಲ್ಲ.